ಮಂಜಿನಲ್ಲಿ ಕಂಡಷ್ಟು

ಪುಟ್ಟ ಗೆಳೆಯರೇ, ಕಾಡಿನ ನಡುವೆ ಮೋಡಗೆರೆ ಎಂಬ ಕೆರೆಯಿತ್ತು. ಬೆಳಗಿನ ಹೊತ್ತು ಗುಡ್ಡದ ಮೇಲಿನ ಮೋಡಗಳು ಮೆಲ್ಲಗೆ ಇಳಿದು ಬಂದು ಅದರ ನೀರಿನ ಮೇಲೆ ಮಲಗುತ್ತಿದ್ದವು. ಬಿಸಿಲು ಬಂದು ಬೆನ್ನು ಚುರುಗುಟ್ಟಿದ ಮೇಲೆಯೇ ಅವು ಮೈಮುರಿದು ಏಳುತ್ತಿದ್ದವು. ಅಲ್ಲಿಯವರೆಗೆ ಯಾವುದು ನೀರು, ಯಾವುದು ಆಕಾಶ ಎಂದು ಮೀನುಗಳಿಗೂ ತಿಳಿಯುತ್ತಿರಲಿಲ್ಲ, ಹಕ್ಕಿಗಳಿಗೂ ತಿಳಿಯುತ್ತಿರಲಿಲ್ಲ.

ಆ ಕೆರೆಯ ತಾವರೆ ಎಲೆಗಳ ಮೇಲೆ ನೈದಿಲೆ ಎಂಬ ದೇವನಕ್ಕಿ, ಎಲೆಗಳ ಮೇಲೆ ನಡೆಯುವ ಪುಟ್ಟ ನೀರಹಕ್ಕಿ, ವಾಸವಾಗಿದ್ದಳು. ದೇವನಕ್ಕಿಗೆ ಮೈ ಹಗುರ, ಕಾಲಿನ ಬೆರಳು ಉದ್ದ. ಅದಕ್ಕೇ ಅವಳು ಎಲೆಯಿಂದ ಎಲೆಗೆ ನಡೆದರೆ ಒಂದು ಎಲೆಯೂ ಮುಳುಗುತ್ತಿರಲಿಲ್ಲ. ಎಲೆಯ ಮೇಲಿನ ಹನಿ ಕೂಡ ಉರುಳುತ್ತಿರಲಿಲ್ಲ.

ನೈದಿಲೆ ಮಾತಾಡುವುದೂ ಹಾಗೆಯೇ. ಯಾರ ಮನಸ್ಸಿಗೂ ಭಾರವಾಗಬಾರದು, ಯಾರ ಮುಖವೂ ಬಾಡಬಾರದು. ಮಳೆ ಬರಲಿ ಅನ್ನುವವರಿಗೆ "ಹೌದು, ಬರಬೇಕು" ಅನ್ನುವಳು. ಬಿಸಿಲೇ ಇರಲಿ ಅನ್ನುವವರಿಗೂ "ಅದೂ ನಿಜವೇ" ಅನ್ನುವಳು. ಹೀಗಾಗಿ ಅವಳು ಎಲ್ಲರಿಗೂ ಬೇಕಾದವಳು. ಅವಳ ಎಲೆಯ ಬಳಿ ಒಂದು ಗಳಿಗೆ ನಿಂತು ಮಾತಾಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ.

ಮೋಡಗೆರೆಗೆ ಒಬ್ಬ ಹಿರಿಯನಿದ್ದ. ಕೆರೆಯವರೆಲ್ಲ ಸೇರಿ ಆರಿಸಿದ ಹಿರಿಯ. ಕೊಕ್ಕಿನ ಕೆಳಗೆ ಜೋಳಿಗೆಯಂಥ ಚೀಲ ತೂಗುವ ದೊಡ್ಡ ಹಕ್ಕಿ, ಹೆಜ್ಜಾರ್ಲೆ. ಅವನ ಹೆಸರೂ ಜೋಳಿಗೆರಾಯ. ಅವನೇನು ಸಾಮಾನ್ಯನಲ್ಲ. ಹಿಂದೊಮ್ಮೆ ಅಂತರಗಂಗೆ ಬಳ್ಳಿ ಕೆರೆಯನ್ನೆಲ್ಲ ಮುಚ್ಚಿ, ಕೆಳಗಿದ್ದವರಿಗೆ ಉಸಿರು ಕಟ್ಟುವಂತಾಗಿತ್ತು. ಆಗ ಎಲ್ಲರನ್ನೂ ಒಟ್ಟು ಮಾಡಿ, ಬಳ್ಳಿ ಕೀಳಿಸಿ, ನೀರಿಗೆ ಮತ್ತೆ ಬೆಳಕು ತಂದವನು ಅವನೇ. ನೈದಿಲೆಯ ತಾವರೆಗಳು ಅರಳಿದ್ದೂ ಆ ಬೆಳಕಿನಿಂದಲೇ.

ಇನ್ನೊಂದು ಒಳ್ಳೆಯ ಕಟ್ಟಳೆಯನ್ನೂ ಅವನೇ ತಂದಿದ್ದ. ಕೆರೆಯ ಮೂಡಣ ಮೂಲೆಯಲ್ಲಿ, ಜೊಂಡು ಹುಲ್ಲಿನ ಮರೆಯಲ್ಲಿ, ಒಂದು ಮಡುವಿತ್ತು. ಮೀನುಗಳು ಮರಿಗಳನ್ನು ಬಿಡುವ ಜಾಗ. ಎಲ್ಲರೂ ಅದನ್ನು ಮರಿಮಡು ಅನ್ನುತ್ತಿದ್ದರು. ತೆರೆದ ನೀರಿನಲ್ಲಿ ಹಕ್ಕಿ ಮೀನನ್ನು ಹಿಡಿದರೆ ಯಾರೂ ಕೇಳುವಂತಿರಲಿಲ್ಲ, ಅದು ಕೆರೆಯ ಬಾಳು. ಆದರೆ ಮರಿಮಡುವಿಗೆ ಮಾತ್ರ ಯಾರೂ ಕೊಕ್ಕು ಹಾಕಬಾರದು.

"ಮರಿ ಬೆಳೆದರೆ ತಾನೇ ನಾಳೆಗೆ ಕೆರೆ ಇರೋದು?" ಎಂದು ಜೋಳಿಗೆರಾಯ ಅಂದು ಹೇಳಿದ್ದ. ಮೀನುಗಳು ಕಣ್ಣು ತುಂಬಿಕೊಂಡು ಕೇಳಿದ್ದವು.

ನೈದಿಲೆಯ ಎಲೆಗಳು ಆ ಮರಿಮಡುವಿನ ಅಂಚಿಗೇ ಇದ್ದವು.

ಒಂದು ಬೆಳಗ್ಗೆ ಅವಳಿಗೆ ಬೇಗ ಎಚ್ಚರವಾಯಿತು. ಸುತ್ತಲೂ ಮಂಜು. ಜೊಂಡು ಹುಲ್ಲಿನ ತುದಿಗಳು ಮಾತ್ರ ಬಿಳಿಯ ಗಾಳಿಯಲ್ಲಿ ತೇಲುತ್ತಿದ್ದವು. ಅಷ್ಟರಲ್ಲಿ ದೊಡ್ಡ ರೆಕ್ಕೆಯೊಂದು ಸದ್ದಿಲ್ಲದೆ ಇಳಿದು ಬಂತು. ಮಂಜು ಇಬ್ಭಾಗವಾಯಿತು. ಜೋಳಿಗೆರಾಯ ಮರಿಮಡುವಿನಲ್ಲಿ ಕೂತ. ಅತ್ತ ಇತ್ತ ನೋಡಿದ. ಕೊಕ್ಕನ್ನು ನೀರಿಗೆ ಇಳಿಸಿ, ನಿಧಾನವಾಗಿ ಎತ್ತಿದ. ಚೀಲದಿಂದ ನೀರು ಸೋರುತ್ತಿತ್ತು. ಒಳಗೆ ಏನೋ ಮಿಣಮಿಣ ಮಿಸುಕಾಡುತ್ತಿತ್ತು. ಆಮೇಲೆ ಅವನು ನಡುಗಡ್ಡೆಯ ಜಾಲಿ ಮರಗಳ ಕಡೆಗೆ ಹಾರಿಹೋದ. ಮಂಜು ಮತ್ತೆ ಕೂಡಿಕೊಂಡಿತು.

ನೈದಿಲೆ ಅಲುಗಾಡದೆ ನಿಂತಿದ್ದಳು. ಬಿಸಿಲು ಬಂದು ಮೋಡ ಎದ್ದಾಗ ಕೆರೆ ಎಂದಿನಂತೆಯೇ ಹೊಳೆಯುತ್ತಿತ್ತು.

"ಕನಸೇ ಇರಬೇಕು," ಎಂದುಕೊಂಡಳು. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಆದರೆ ಆ ಕನಸು ಮತ್ತೆ ಬಂತು. ಇನ್ನೊಂದು ಬೆಳಗ್ಗೆ, ಅದೇ ರೆಕ್ಕೆ, ಅದೇ ಕೊಕ್ಕು. ಆಗಲೂ ಅವಳು ಯಾರಿಗೂ ಹೇಳಲಿಲ್ಲ.

ಮರಿಮಡುವಿನಲ್ಲಿ ಸಿರಿಯಕ್ಕ ಎಂಬ ಗೆಂಡೆ ಮೀನಿದ್ದಳು. ಅವಳ ಮರಿಗಳು ಎಳೆ ಬಂಗಾರದ ಬಣ್ಣದವು. ನೈದಿಲೆಯ ಎಲೆಗಳ ನೆರಳಿನಲ್ಲಿ ಆಡುತ್ತಿದ್ದವು. ಅವುಗಳ ಗುಂಪು ತೆಳ್ಳಗಾಗುತ್ತಿರುವುದು ಸಿರಿಯಕ್ಕನಿಗೆ ತಿಳಿಯಿತು. ಅವಳು ಕೆರೆಯ ನ್ಯಾಯ ಹೇಳುವ ಮುದಿ ಆಮೆ ಚಿಪ್ಪಜ್ಜನ ಬಳಿಗೆ ಹೋದಳು.

"ಅಜ್ಜಾ, ಯಾರೋ ಮರಿಮಡುವಿಗೆ ಬರ್ತಿದ್ದಾರೆ. ನೀರಿನ ಮೇಲೆ ದೊಡ್ಡ ನೆರಳು ಬಿದ್ದದ್ದು ಕಂಡೆ. ಕೆಳಗೆ ಬಂದ ಕೊಕ್ಕನ್ನೂ ಕಂಡೆ. ಅಷ್ಟು ದೊಡ್ಡ ಕೊಕ್ಕು ಈ ಕೆರೆಯಲ್ಲಿ ಯಾರಿಗಿದೆ ಅನ್ನೋದು ನಿಮಗೂ ಗೊತ್ತು."

"ದೊಡ್ಡವನ ಮೇಲಿನ ದೂರು, ಸಿರಿ. ವಿಚಾರಿಸೋಣ. ದಿನ ಗೊತ್ತು ಮಾಡ್ತೀನಿ," ಎಂದ ಚಿಪ್ಪಜ್ಜ.

ಆ ಮಾತನ್ನು ನೀರುಕಾಗೆ ಮುಳುಗಣ್ಣ ಕೇಳಿಸಿಕೊಂಡ. ಮುಳುಗಣ್ಣನಿಗೆ ಕೆರೆಯ ಹಿರಿಯನಾಗುವ ಆಸೆ ಬಹಳ ಹಳೆಯದು. ಸಂಜೆಯೊಳಗೆ ದೂರಿಗೆ ರೆಕ್ಕೆಪುಕ್ಕ ಬಂತು. "ಜೋಳಿಗೆರಾಯ ಮರಿಮಡುವನ್ನೇ ನುಂಗಿಬಿಟ್ಟ" ಎಂದು ಒಂದು ಮಾತು. "ಮರಿಗಳನ್ನು ಚೀಲದಲ್ಲಿ ಹೊತ್ತು ಗುಡ್ಡದಾಚೆಯ ಕೆರೆಯವರಿಗೆ ಕೊಡುತ್ತಿದ್ದಾನೆ, ಮೋಡಗೆರೆಗೆ ದ್ರೋಹ ಬಗೆದ" ಎಂದು ಅದರ ಮೇಲೆ ಇನ್ನೊಂದು ಮಾತು.

ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ. ತೆಂಕಣ ದಡದ ಕಪ್ಪೆಗಳು ಗಂಟಲುಬ್ಬಿಸಿ, "ದೂರು ಗಟ್ಟಿ, ಗಟ್ಟಿ, ಗಟ್ಟಿ" ಎಂದು ಕೂಗಿದವು. ಬಡಗಣ ದಡದ ಕಪ್ಪೆಗಳು, "ದೂರು ಪೊಳ್ಳು, ಪೊಳ್ಳು, ಪೊಳ್ಳು" ಎಂದು ತಿರುಗಿ ಕೂಗಿದವು. ಕೊಂಬೆಯ ಮೇಲೆ ಕೂತ ಮಿಂಚುಳ್ಳಿಗಳು ದೂರನ್ನು ಬಿಡಿಸಿ ಬಿಡಿಸಿ ವಿವರಿಸಿದವು: ನುಂಗಿದ ದೂರು ನಿಂತರೂ ದ್ರೋಹದ ದೂರು ನಿಲ್ಲದು, ದ್ರೋಹದ ದೂರು ಬಿದ್ದರೆ ನುಂಗಿದ ದೂರೂ ಬೀಳುತ್ತದೆ, ಹೀಗೆ. ಕೇಳುವವರಿಗೆ ತಲೆ ತೂಗಿ ತೂಗಿ ನಿದ್ದೆ ಬರುತ್ತಿತ್ತು. ನಿದ್ದೆಯಲ್ಲೂ ಅವರು "ಗಟ್ಟಿ", "ಪೊಳ್ಳು" ಎಂದು ಬಡಬಡಿಸುತ್ತಿದ್ದರು. ಕೆರೆಯ ಅಲೆಗಳೂ ಒಂದು ದಡಕ್ಕೆ ಬಡಿದು ಗಟ್ಟಿ, ಇನ್ನೊಂದು ದಡಕ್ಕೆ ಬಡಿದು ಪೊಳ್ಳು ಅನ್ನುತ್ತಿರುವಂತೆ ನೈದಿಲೆಗೆ ಕೇಳುತ್ತಿತ್ತು.

ಮರಿಮಡುವಿಗೆ ಹೋಗಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಬಾತುಕೋಳಿ ಸುಬ್ಬತ್ತೆ ತೇಲಿಕೊಂಡು ಬಂದಳು. ಅಂತರಗಂಗೆ ಕೆರೆ ಮುಚ್ಚಿದ ಕಾಲದಲ್ಲಿ ಸುಬ್ಬತ್ತೆಯ ಮರಿಗಳು ಆ ಬಳ್ಳಿಯಲ್ಲಿ ಸಿಕ್ಕಿಕೊಂಡಿದ್ದವು. ಬಿಡಿಸಿದವನು ಜೋಳಿಗೆರಾಯ. ಅವನ ಮೇಲೆ ಯಾರಾದರೂ ಮಾತಾಡಿದರೆ ಅವಳು ಅಲ್ಲಿ ನಿಲ್ಲುತ್ತಿರಲಿಲ್ಲ.

"ನೈದಿಲೆ, ನೀನು ಮರಿಮಡುವಿನ ಪಕ್ಕದಲ್ಲೇ ಇರೋಳು. ನಮ್ಮ ರಾಯರು ಅಂಥವರಾ? ನೀನು ಏನಾದರೂ ಕಂಡಿದ್ದೀಯಾ ತಾಯಿ?"

ಅವಳ ಮುಖ ನೋಡಿದರೆ ಈಗಲೋ ಆಗಲೋ ಅಳುವಂತಿತ್ತು. ನೈದಿಲೆಗೆ ತಡೆಯಲಾಗಲಿಲ್ಲ.

"ಆ ಮಂಜಿನಲ್ಲಿ ಏನು ಕಾಣುತ್ತೆ ಅತ್ತೆ? ನಾನೇನೂ ಕಂಡಿಲ್ಲ," ಎಂದಳು.

ಸುಬ್ಬತ್ತೆಯ ಮುಖ ಅರಳಿತು. "ನನಗೆ ಗೊತ್ತಿತ್ತು," ಎಂದು ನೀರಿನಲ್ಲಿ ಸುಳಿ ಬಿಡುತ್ತ ಹೋದಳು. ನೈದಿಲೆಗೆ ಎದೆ ಹಗುರವಾಯಿತು.

ಮರುದಿನ ಮುಳುಗಣ್ಣ ಬಂದ. ಒದ್ದೆ ರೆಕ್ಕೆಗಳನ್ನು ಅಗಲಿಸಿ ಒಣಗಿಸಿಕೊಳ್ಳುತ್ತ, ನೀರಿನಿಂದ ಮೇಲೆದ್ದ ಒಂದು ಒಣ ಕೋಲಿನ ಮೇಲೆ ಕೂತ.

"ತಂಗಿ, ಆ ಸಿರಿಯಕ್ಕನ ಸಂಕಟ ನೋಡೋಕಾಗಲ್ಲ. ನೀನು ಪಕ್ಕದಲ್ಲೇ ಇದ್ದೀಯ. ರಾಯ ಮರಿಗಳನ್ನು ನುಂಗಿದ್ದನ್ನು ನೀನು ಕಂಡಿರಲೇಬೇಕು. ಗುಡ್ಡದ ಕಡೆಗೆ ಹಾರಿದ್ದನ್ನೂ ಕಂಡಿರಬೇಕು. ಅಲ್ವಾ?"

ಅವನ ಕಣ್ಣುಗಳು ಹಸಿರು ಮಣಿಗಳಂತೆ ಅವಳನ್ನೇ ನೋಡುತ್ತಿದ್ದವು. ಇಲ್ಲ ಅಂದರೆ ಅವನು ಮುನಿಸಿಕೊಂಡಾನು. ಅಲ್ಲದೆ ಕೊಕ್ಕು ಇಳಿದದ್ದಂತೂ ನಿಜವಲ್ಲವೇ?

"ಹೌದಣ್ಣ, ಹಾಗೇ ಕಂಡಿತು," ಎಂದಳು ನೈದಿಲೆ.

ಮುಳುಗಣ್ಣ ತೃಪ್ತಿಯಿಂದ ನೀರಿಗೆ ಧುಮುಕಿದ. ಅವಳು ಪಕ್ಕದ ಎಲೆಗೆ ಹೆಜ್ಜೆ ಇಟ್ಟಳು. ಅಂದು ಮೊದಲ ಸಲ ಎಲೆ ಅವಳ ಕಾಲಡಿಯಲ್ಲಿ ಕೊಂಚ ತಗ್ಗಿದಂತೆ ಅನ್ನಿಸಿತು.

ಚರ್ಚೆ ಇನ್ನೂ ಜೋರಾಯಿತು. ಈಗ ಎರಡು ದಡದವರಿಗೂ ನೈದಿಲೆಯೇ ಆಧಾರ. "ಪಕ್ಕದಲ್ಲಿದ್ದವಳೇ ಕಂಡಿಲ್ಲ ಅಂದಿದ್ದಾಳೆ" ಎಂದು ಬಡಗಣದವರು. "ಪಕ್ಕದಲ್ಲಿದ್ದವಳೇ ಕಂಡೆ ಅಂದಿದ್ದಾಳೆ" ಎಂದು ತೆಂಕಣದವರು. ನಡುಗಡ್ಡೆಯಲ್ಲಿ ಕೂತಿದ್ದ ಜೋಳಿಗೆರಾಯನಿಗೂ ಈ ಕೂಗು ಕೇಳುತ್ತಿತ್ತು. ಮೊದಲು ಅವನಿಗೆ ಅಂಜಿಕೆಯಾಗಿತ್ತು. ಕೆಲವು ಬೆಳಗು ಮಡುವಿನ ಕಡೆ ತಲೆ ಹಾಕಿರಲಿಲ್ಲ. ಈಗ ಅವನಿಗೆ ಅನ್ನಿಸಿತು: ಇವರ ಮಾತು ಇವತ್ತಿಗೆ ಮುಗಿಯುವುದಲ್ಲ. ಮಾತು ಮುಗಿಯುವವರೆಗೆ ಮಡುವಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಮರುದಿನ ಮಂಜು ತುಂಬ ದಟ್ಟವಾಗಿತ್ತು. ರೆಕ್ಕೆಯ ಸದ್ದು ನೈದಿಲೆಗೆ ಕೇಳಿಸಿತು. ಕೊಕ್ಕು ಅವಳ ಎಲೆಗಳ ಕೆಳಗೇ ಇಳಿಯಿತು. ಎಲೆಗಳು ಅಲುಗಿದವು. ಅವಳು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ, ಕಣ್ಣು ಮುಚ್ಚಿಕೊಂಡಳು.

ಮೋಡ ಎದ್ದ ಮೇಲೆ ಸಿರಿಯಕ್ಕ ಮೇಲೆ ಬಂದಳು. ಎಲೆಗಳ ನೆರಳಿನಲ್ಲಿ ಒಂದು ಸುತ್ತು ಹಾಕಿದಳು. ಮತ್ತೊಂದು ಸುತ್ತು ಹಾಕಿದಳು. ನೆರಳಿನಲ್ಲಿ ನೀರು ಮಾತ್ರವಿತ್ತು. ದೂರದ ಜೊಂಡಿನ ಬುಡದಲ್ಲಿ ಅಡಗಿದ್ದ ಕೆಲವೇ ಮರಿಗಳು ಉಳಿದಿದ್ದವು.

ನೈದಿಲೆ ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದಳು.

ಸಿರಿಯಕ್ಕ ಬೈಯಲಿಲ್ಲ. ನೀರಿನಿಂದ ಬಾಯಿ ಮೇಲೆತ್ತಿ, ಮೆಲ್ಲಗೆ ಕೇಳಿದಳು, "ನೀನು ಎಚ್ಚರ ಇದ್ದೆಯಾ, ನೈದಿಲೆ?"

ಅಷ್ಟು ಕೇಳಿ ಅವಳು ಆಳಕ್ಕೆ ಇಳಿದುಹೋದಳು.

ಆ ಇಡೀ ದಿನ ನೈದಿಲೆಗೆ ಕೆರೆಯ ಯಾವ ಸದ್ದೂ ಕೇಳಿಸಲಿಲ್ಲ. ಕಪ್ಪೆಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ಅಷ್ಟೆ. ಮೋಡದ ನೆರಳುಗಳು ನೀರಿನ ಮೇಲೆ ಹಾದುಹೋಗುತ್ತಿದ್ದವು. ಅವಳು ಎಲೆಯ ಅಂಚಿನಲ್ಲಿ ನಿಂತು ಆ ಖಾಲಿ ನೆರಳನ್ನೇ ನೋಡುತ್ತಿದ್ದಳು. ಎಲ್ಲರ ಮುಖವನ್ನೂ ಅರಳಿಸಲು ಹೋಗಿ ತಾನು ಏನು ಮಾಡಿದೆ ಎಂಬುದು ಈಗ ಅವಳಿಗೆ ಕಾಣುತ್ತಿತ್ತು. ಅದರಲ್ಲಿ ಮಂಜಿರಲಿಲ್ಲ.

ಚಿಪ್ಪಜ್ಜ ಗೊತ್ತು ಮಾಡಿದ ದಿನ ಬಂತು. ಬಿಸಿಲು ಚೆನ್ನಾಗಿ ಏರಿದ ಮೇಲೆ ಕೆರೆಯವರೆಲ್ಲ ಚಿಪ್ಪಜ್ಜ ಬಿಸಿಲು ಕಾಯುವ ಬಂಡೆಯ ಸುತ್ತ ಸೇರಿದರು. ಜೋಳಿಗೆರಾಯ ಗಂಭೀರವಾಗಿ ಬಂದು ಕೂತ. ಬಿಳಿಯ ಗರಿಗಳು ಬೆಳಗುತ್ತಿದ್ದವು.

ಸಿರಿಯಕ್ಕ ತಾನು ಕಂಡದ್ದನ್ನು ಹೇಳಿದಳು. ನೀರಿನ ಕೆಳಗಿನಿಂದ ಕಂಡ ಕೊಕ್ಕು ಯಾರದೆಂದು ಖಚಿತವಾಗಿ ಹೇಗೆ ಹೇಳುವುದು ಎಂದು ಬಡಗಣದವರು ಕೇಳಿದರು. ಕೊಕ್ಕು ಮಾತ್ರ ಕಂಡಿತು, ಮುಖ ಕಾಣಲಿಲ್ಲ ಎಂದು ಅವಳು ಒಪ್ಪಿಕೊಂಡಳು.

ಆಗ ಮುಳುಗಣ್ಣ ಮುಂದೆ ಬಂದ. "ನೈದಿಲೆ ಕಂಡಿದ್ದಾಳೆ. ರಾಯ ನುಂಗಿದ್ದನ್ನು ಕಂಡಿದ್ದಾಳೆ, ಗುಡ್ಡದಾಚೆಗೆ ಹಾರಿದ್ದನ್ನೂ ಕಂಡಿದ್ದಾಳೆ. ನನಗೇ ಹೇಳಿದ್ದಾಳೆ."

"ಸುಳ್ಳು," ಎಂದಳು ಸುಬ್ಬತ್ತೆ. "ಏನೂ ಕಂಡಿಲ್ಲ ಅಂತ ನನಗೆ ಹೇಳಿದ್ದಾಳೆ. ಅವಳನ್ನೇ ಕೇಳಿ."

ಸಭೆಯಲ್ಲಿ ಯಾರೋ ನಕ್ಕರು. ನಗು ಅಲೆಯಂತೆ ಹರಡಿತು. ಇವಳದು ಎರಡು ನಾಲಿಗೆಯ ಸಾಕ್ಷಿ, ಇನ್ನು ದೂರು ಬಿದ್ದಂತೆಯೇ, ಎಂದು ಮಿಂಚುಳ್ಳಿಗಳು ಮಾತಾಡಿಕೊಂಡವು. ಜೋಳಿಗೆರಾಯನೂ ನಸುನಕ್ಕ.

ಚಿಪ್ಪಜ್ಜ ಕತ್ತು ಚಾಚಿ ನೈದಿಲೆಯ ಕಡೆ ನೋಡಿದ. "ಮಗಳೇ, ಇಬ್ಬರಲ್ಲಿ ಯಾರು ಹೇಳೋದು ನಿಜ?"

"ಇಬ್ಬರೂ ನಿಜ ಹೇಳ್ತಿದ್ದಾರೆ, ಅಜ್ಜಾ," ಎಂದಳು ನೈದಿಲೆ. "ನಾನೇ ಇಬ್ಬರಿಗೂ ಸುಳ್ಳು ಹೇಳಿದ್ದು."

ನಗು ನಿಂತಿತು.

"ಅತ್ತೆಗೆ ನೋವಾಗಬಾರದು ಅಂತ ಕಂಡಿಲ್ಲ ಅಂದೆ. ಅಣ್ಣನಿಗೆ ಬೇಸರ ಆಗಬಾರದು ಅಂತ ಕಾಣದ್ದನ್ನೂ ಕಂಡೆ ಅಂದೆ. ಈಗ ಕಂಡಷ್ಟು ಮಾತ್ರ ಹೇಳ್ತೀನಿ. ರಾಯರು ಮರಿಮಡುವಿಗೆ ಬಂದದ್ದನ್ನು ಕಂಡೆ. ಒಂದು ಸಲ ಅಲ್ಲ. ಕೊಕ್ಕು ಇಳಿಸಿದ್ದನ್ನು ಕಂಡೆ. ಚೀಲದೊಳಗೆ ಜೀವ ಮಿಸುಕಾಡಿದ್ದನ್ನು ಕಂಡೆ. ಅವರು ಹಾರಿದ್ದು ನಡುಗಡ್ಡೆಯ ಜಾಲಿ ಮರಗಳ ಕಡೆಗೆ. ನುಂಗಿದ್ದನ್ನು ನಾನು ಕಾಣಲಿಲ್ಲ. ಗುಡ್ಡದ ಕಡೆಗೆ ಹಾರಿದ್ದನ್ನೂ ಕಾಣಲಿಲ್ಲ. ಕೊನೆಯ ಸಲ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವತ್ತು ಬರೀ ಸದ್ದು ಕೇಳಿದೆ."

ಸುಬ್ಬತ್ತೆ ಮುಖ ತಿರುಗಿಸಿದಳು. ಮುಳುಗಣ್ಣನೂ ಮುಖ ತಿರುಗಿಸಿದ. ಎರಡೂ ದಡದ ಕಪ್ಪೆಗಳಿಗೆ ಗಲಿಬಿಲಿಯಾಯಿತು.

"ಹಾಗಾದರೆ ದೂರು ಗಟ್ಟಿಯೋ ಪೊಳ್ಳೋ?" ಎಂದು ಒಂದು ಕಪ್ಪೆ ಕೇಳಿತು.

"ಅದನ್ನು ಇಲ್ಲಿ ಕೂತು ಹೇಳೋಕಾಗಲ್ಲ," ಎಂದ ಚಿಪ್ಪಜ್ಜ. "ಎಲ್ಲಿಗೆ ಹೋಗಿ ನೋಡಬೇಕು ಅನ್ನೋದನ್ನು ಈ ಹುಡುಗಿ ಹೇಳಿದಳಲ್ಲ. ನಡೆಯಿರಿ, ನಡುಗಡ್ಡೆಗೆ ಹೋಗೋಣ."

ಜೋಳಿಗೆರಾಯನ ರೆಕ್ಕೆಗಳು ಕೊಂಚ ಇಳಿದವು.

ಎಲ್ಲರೂ ನಡುಗಡ್ಡೆಗೆ ಹೋದರು. ಈಜುವವರು ಈಜಿದರು, ಹಾರುವವರು ಹಾರಿದರು. ಜಾಲಿ ಮರಗಳ ಮೇಲೆ ಹೆಜ್ಜಾರ್ಲೆಗಳ ಗೂಡುಗಳಿದ್ದವು. ರಾಯನ ಗೂಡಿನ ಕೆಳಗೆ ಮಣ್ಣು ಹೊಳೆಯುತ್ತಿತ್ತು. ಬಂಗಾರದ ಹುಡಿ ಚೆಲ್ಲಿದ ಹಾಗೆ, ಎಳೆಯ ಗೆಂಡೆಗಳ ಮೈಮೇಲಿನ ಪುಟ್ಟ ಪುಟ್ಟ ಹುರುಪೆ. ಗಾಳಿ ಬೀಸಿದಾಗ ಅವು ಎದ್ದು, ಬಿಸಿಲಿನಲ್ಲಿ ತಿರುಗಿ, ಮತ್ತೆ ಕೂತವು. ನೋಡಲು ಬಹಳ ಚೆಂದವಾಗಿತ್ತು. ಯಾರಿಗೂ ನೋಡಲಾಗಲಿಲ್ಲ.

ಮೇಲೆ ಗೂಡಿನಲ್ಲಿ ರಾಯನ ಮರಿಗಳು ದುಂಡಗೆ ಬೆಳೆದು ಕೊಕ್ಕು ತೆರೆದಿದ್ದವು.

"ಮರಿಗಳಿಗೆ ಹಸಿವು, ಅಜ್ಜಾ," ಎಂದ ಜೋಳಿಗೆರಾಯ. ಅವನ ದನಿ ಈಗ ದೊಡ್ಡದಾಗಿರಲಿಲ್ಲ. "ತೆರೆದ ನೀರಿನಲ್ಲಿ ಹುಡುಕಬೇಕು, ಕಾಯಬೇಕು. ಮಡುವಿನಲ್ಲಾದರೆ ಒಂದೇ ಸಲಕ್ಕೆ ಸಿಗುತ್ತೆ. ಕೆರೆಗೆ ಇಷ್ಟು ಮಾಡಿದ್ದೀನಿ, ಇದೊಂದು ಆಗಬಹುದು ಅಂದುಕೊಂಡೆ."

"ಬೇರೆಯವರ ಮರಿಗಳಿಗೂ ಹಸಿವಿತ್ತು. ಅವರು ನೀನು ಹೇಳಿದ ಕಟ್ಟಳೆ ಮೀರಲಿಲ್ಲ," ಎಂದ ಚಿಪ್ಪಜ್ಜ.

ಆಮೇಲೆ ಅವನು ಎಲ್ಲರಿಗೂ ಕೇಳುವಂತೆ ತೀರ್ಪು ಹೇಳಿದ. "ಜೋಳಿಗೆರಾಯ ಮೋಡಗೆರೆಗೆ ದ್ರೋಹ ಮಾಡಿಲ್ಲ. ಮರಿಗಳು ಹೋದದ್ದು ಅವನ ಗೂಡಿಗೆ, ಬೇರೆ ಕೆರೆಗಲ್ಲ. ಆ ಮಾತು ಪೊಳ್ಳು. ಮರಿಮಡುವಿನಲ್ಲಿ ಕದ್ದದ್ದು ಮಾತ್ರ ಖಂಡಿತ ನಿಜ. ಅವನು ತಂದ ಬೆಳಕು ನಮ್ಮ ನೀರಿನಲ್ಲಿ ಇರುತ್ತೆ, ಅದನ್ನು ಯಾರೂ ಮರೆಯೋದು ಬೇಡ. ಆದರೆ ಇವತ್ತಿನಿಂದ ಅವನು ಹಿರಿಯನಲ್ಲ. ಮರಿಮಡುವಿನ ಮೇಲೆ ಅವನ ನೆರಳು ಬೀಳಬಾರದು."

ಮುಳುಗಣ್ಣ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಇಟ್ಟ.

"ನೀನು ಅಲ್ಲೇ ನಿಲ್ಲಪ್ಪ," ಎಂದ ಚಿಪ್ಪಜ್ಜ. "ಒಬ್ಬ ತಾಯಿಯ ನಿಜವಾದ ದೂರಿನ ಮೇಲೆ ಸುಳ್ಳು ಹೇರಿದವನು ನೀನು. ಆ ಸುಳ್ಳಿನ ಭಾರಕ್ಕೆ ನಿಜವೂ ಮುಳುಗೋದರಲ್ಲಿತ್ತು. ಹಿರಿಯನ ಜಾಗ ನಿನಗೂ ಇಲ್ಲ."

ಕಪ್ಪೆಗಳು ಅಂದು ಸಂಜೆ ಕೂಗಲಿಲ್ಲ. ಏನೆಂದು ಕೂಗಬೇಕೋ ಅವುಗಳಿಗೆ ತಿಳಿಯಲಿಲ್ಲ.

ಮುಂದೆ ನೈದಿಲೆಯ ಎಲೆಗಳ ಬಳಿ ನಿಲ್ಲುವವರು ಕಡಿಮೆಯಾದರು. ಸುಬ್ಬತ್ತೆ ದೂರದಿಂದಲೇ ತೇಲಿಕೊಂಡು ಹೋಗುತ್ತಿದ್ದಳು. ನೀರುಕಾಗೆಗಳು ಕಂಡೂ ಕಾಣದಂತೆ ಹಾರುತ್ತಿದ್ದವು. ನೈದಿಲೆಗೆ ಕೆಲವೊಮ್ಮೆ ಹಳೆಯ ಹರಟೆ ಬೇಕೆನಿಸುತ್ತಿತ್ತು. ಆದರೂ ಅವಳು ಯಾರನ್ನೂ ಕರೆದು ಸಿಹಿ ಮಾತಾಡಲಿಲ್ಲ. ಬೆಳಗಾದರೆ ಮಂಜಿನಲ್ಲಿ ಕಣ್ಣು ತೆರೆದುಕೊಂಡು ನಿಲ್ಲುತ್ತಿದ್ದಳು. ಜೊಂಡು ಅಲುಗಿದರೆ ಗಾಳಿಯೋ ಕೊಕ್ಕೋ ಎಂದು ಹೋಗಿ ನೋಡಿ ಬರುತ್ತಿದ್ದಳು.

ಹೀಗಿರಲು ಒಂದು ದಿನ ಸಿರಿಯಕ್ಕ ಬಂದಳು. ಅವಳ ಹಿಂದೆ ಉಳಿದ ಕೆಲವೇ ಮರಿಗಳು ಸಾಲಾಗಿ ಬರುತ್ತಿದ್ದವು. ಹೋದ ಮರಿಗಳ ಮಾತನ್ನು ಇಬ್ಬರೂ ಎತ್ತಲಿಲ್ಲ.

"ನನಗೆ ಆಚೆ ದಡದಲ್ಲಿ ಮೇಯೋದಿದೆ," ಎಂದಳು ಸಿರಿಯಕ್ಕ. "ಇವು ಇಲ್ಲೇ ಇರಲಿ. ನೋಡಿಕೊಳ್ತೀಯಾ?"

"ನೋಡಿಕೊಳ್ತೀನಿ, ಅಕ್ಕ," ಎಂದಳು ನೈದಿಲೆ. ತಡೆದು, ಮತ್ತೆ ಹೇಳಿದಳು, "ನನ್ನ ಕಣ್ಣಿಗೆ ಬಿದ್ದದ್ದನ್ನು ಕೂಗಿ ಹೇಳ್ತೀನಿ. ಎಲೆ ಅಡ್ಡ ಬಂದು ಕಾಣದೆ ಹೋದರೆ, ಕಾಣಲಿಲ್ಲ ಅಂತಲೂ ಹೇಳ್ತೀನಿ."

"ಅಷ್ಟು ಸಾಕು," ಎಂದಳು ಸಿರಿಯಕ್ಕ, ಮತ್ತು ತಿರುಗಿ ನೋಡದೆ ಈಜಿಕೊಂಡು ಹೋದಳು.

ನೀತಿ: ಯಾರ ಮೇಲಿನ ದೂರೇ ಆಗಲಿ, ಅದು ಗಟ್ಟಿಯೋ ಪೊಳ್ಳೋ ಎಂಬುದು ಕೂಗಾಟದಿಂದ ತಿಳಿಯುವುದಿಲ್ಲ, ಕಂಡವರು ಕಂಡಷ್ಟನ್ನೇ, ಯಾರ ಮುಖವನ್ನೂ ನೋಡದೆ, ತಡಮಾಡದೆ ಹೇಳಬೇಕು.